ಎಡೆ ನೋಡುವ ಕಣ್ಣು

“ಒಂದೇ ಒಂದ್ ಮಾತು ಹೇಳ್ಬುಡು ಸುನಂದವ್ವ. ಎಲೆ ಹಾಕ್ಲೋ ಬ್ಯಾಡ್ವೋ?”

ಮಹದೇವಮ್ಮ ಹುಣಸೆಮರದ ಬುಡದಲ್ಲಿ ಕೂತೇಬಿಟ್ಟಿದ್ದಳು. ಎದುರಿಗೆ ಚಿತ್ರಶಾಲೆಯ ಬಾಗಿಲು ತೆರೆದಿತ್ತು. ಒಳಗೆ ತನ್ನ ಮಗ ರಮೇಶನ ಪಟ ತೂಗುಹಾಕಿದೆ ಎಂದು ಗೊತ್ತಿದ್ದೂ ಅವಳು ಹೊಸಿಲು ದಾಟಲು ಒಪ್ಪಲಿಲ್ಲ.

“ಬದುಕಿರೋ ಮಗಂಗೆ ಎಡೆ ಇಟ್ಟ ತಾಯಿ ಅನ್ನಿಸ್ಕಬೇಕಾ ನಾನು? ಅವನಿಲ್ಲ ಅನ್ನೋದಾದ್ರೆ, ಪಕ್ಷದ ದಿನ ಊರೋರ ಹಿರೀಕರೆಲ್ಲ ಉಣ್ತಾ ಇರೋವಾಗ ನನ್ ಮಗ ಒಬ್ಬ ಹಸ್ಕೊಂಡು ಬಾಗ್ಲಲ್ಲಿ ನಿಂತಿರ್ಬೇಕಾ?”

“ನಾಳಿದ್ದು ತಾನೆ ಅಮಾವಾಸ್ಯೆ? ಅಷ್ಟರೊಳಗೆ ಹೇಳ್ತೀನಿ.”

“ಅಂಗಂತ ಮೊನ್ನೆನೂ ಅಂದೆ.”

ಸುನಂದಮ್ಮ ಹುಣಸೂರು ಕಡೆ ಹೆಡ್ ಕಾನ್‌ಸ್ಟೇಬಲ್ ಆಗಿದ್ದು ನಿವೃತ್ತಳಾದ ಹೆಂಗಸು. ಸರ್ಕಾರ ಬಿಟ್ಟರೂ ಜನ ಅವಳನ್ನು ಬಿಟ್ಟಿರಲಿಲ್ಲ. ಹಸು ಕಳೆದರೂ ಗಂಡ ಕಳೆದರೂ ಅವಳ ಮನೆ ಬಾಗಿಲಿಗೇ ಬರುತ್ತಿದ್ದರು. ಹಸು ಸಾಮಾನ್ಯವಾಗಿ ಸಿಗುತ್ತಿತ್ತು.

ಮುಂಗಾರು ಹಿಡಿಯುವ ಮೊದಲು ರಮೇಶ, ಅವನ ಗೆಳೆಯ ಈರ ಇಬ್ಬರೂ ಈ ಚಿತ್ರಶಾಲೆಯ ಸಾಮಾನು ತುಂಬಿಕೊಂಡು ಗೂಡ್ಸ್ ಆಟೋದಲ್ಲಿ ಕೇರಳಕ್ಕೆ ಹೋದವರು ತಿರುಗಿ ಬಂದಿರಲಿಲ್ಲ. ಶುಂಠಿ ಕೆಲಸಕ್ಕೆ ಅಲ್ಲೇ ನಿಂತಿದ್ದಾರೆ ಎನ್ನುವುದು ಊರಿನ ಮಾತು.

“ಹೆಂಡ್ತಿಗೆ ಫೋನ್ ಮಾಡ್ತಾನಂತಲ್ಲ?” ಸುನಂದಮ್ಮ ಕೇಳಿದಳು.

“ಅವಳಿಗ್ ಮಾಡ್ತನಂತೆ. ನನ್ ಮಗ ಎಲ್ಲಿಂದ ಫೋನ್ ಮಾಡಿದ್ರೂ ಮೊದಲು ಎಮ್ಮೆ ಈಯ್ತಾ ಅಂತ ಕೇಳೋನು ಕಣವ್ವ. ಎಮ್ಮೆ ಈದು, ಕರ ಗೂಟ ಕೀಳೋ ಅಂಗಾಗದೆ. ಇನ್ನೂ ಕೇಳಿಲ್ಲ.”

ಠಾಣೆಯಲ್ಲಿ ಈ ಮಾತಿಗೆ ನಕ್ಕಿದ್ದರಂತೆ. ಸುನಂದಮ್ಮನಿಗೆ ನಗು ಬಂದಿರಲಿಲ್ಲ. ಮೊನ್ನೆಯಿಂದ ಅವಳಿಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತಾಯಿಯಾದವಳು ಎಮ್ಮೆಯ ಲೆಕ್ಕದಲ್ಲಿ ಮಗನ ಸಾವನ್ನು ಅಳೆಯುತ್ತಿದ್ದರೆ ಯಾರಿಗೆ ತಾನೆ ಕೂರಲಾಗುತ್ತದೆ?

ಅವಳು ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆ ಇಟ್ಟಳು.

* * *

ಕಂಪಲಾಪುರದ ಸುತ್ತ ಹೊಗೆಸೊಪ್ಪು ಬೇಯಿಸುವ ಕಾಲ. ಯಾವ ದಿಕ್ಕಿಗೆ ನೋಡಿದರೂ ಸೊಪ್ಪು ಒಣಗಿಸುವ ಎತ್ತರದ ಬ್ಯಾರನ್ನು, ಅದರ ನೆತ್ತಿಯ ಮೇಲೆ ಚಿಮಣಿ, ಚಿಮಣಿಯಲ್ಲಿ ಹೊಗೆ. ತಣ್ಣಗಿದ್ದ ಬ್ಯಾರನ್ ಇದೊಂದೇ. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದ ಸೋಮಶೇಖರ ಅವರು ಅಪ್ಪನ ಕಾಲದ ಈ ಬ್ಯಾರನ್ನಿಗೆ ಸುಣ್ಣ ಹೊಡೆಸಿ, ಟ್ಯೂಬ್‌ಲೈಟ್ ಹಾಕಿಸಿ, ಕಳೆದ ಯುಗಾದಿಗೆ ಚಿತ್ರಶಾಲೆ ಮಾಡಿದ್ದರು. ಸೊಪ್ಪಿನ ಕಡ್ಡಿ ಇಳಿಬಿಡುತ್ತಿದ್ದ ಗಳುಗಳಿಂದ ಈಗ ಚಿತ್ರಗಳು ಇಳಿಬಿದ್ದಿದ್ದವು. ಹೊರಗಿನ ಒಲೆಯ ಬಿಸಿಯನ್ನು ಒಳಗೆಲ್ಲ ಸುತ್ತಿಸುತ್ತಿದ್ದ ದಪ್ಪ ತಗಡಿನ ಪೈಪುಗಳನ್ನು ಕಿತ್ತಿರಲಿಲ್ಲ. ಅವುಗಳ ಮೇಲೆ ಅಡ್ಡ ಹಲಗೆ ಹಾಕಿ ಬೆಂಚು ಮಾಡಿದ್ದರು.

“ಬನ್ನಿ ಮೇಡಂ. ಪೊಲೀಸ್‌ನೋರು ಚಿತ್ರ ನೋಡೋಕೆ ಬರೋದು ಅಂದ್ರೆ ನಮ್ಮ ಭಾಗ್ಯ,” ಎಂದರು ಮೇಷ್ಟ್ರು.

“ಪೊಲೀಸು ಎಲ್ಲಿ ಬಂತು ಮೇಷ್ಟ್ರೆ? ಮಂಡಿನೋವಿನ ಮುದುಕಿ. ಕೂರಕ್ಕೆ ಬೆಂಚು ಇದೆ ಅಂದ್ರು, ಬಂದೆ.”

ಮೇಷ್ಟ್ರು ನಕ್ಕರು. ಬಿಳಿ ಅಂಗಿ, ಮಡಿಸಿದ ತೋಳು, ಕೈಯಲ್ಲಿ ಒಂದು ಒರೆಸುವ ಬಟ್ಟೆ. ಅವರು ಎಲ್ಲಿಯೂ ಒಂದು ನಿಮಿಷ ನಿಲ್ಲುತ್ತಿರಲಿಲ್ಲ. ಈ ಚಿತ್ರ ಸರಿಮಾಡುವುದು, ಆ ಚಿತ್ರದ ಧೂಳು ಕೊಡವುವುದು.

ಬಾಗಿಲ ಹತ್ತಿರ ಲಂಟಾನ ಕಡ್ಡಿ ಸುತ್ತಿ ಮಾಡಿದ ಆನೆಗಳ ಸಾಲಿತ್ತು. ದೊಡ್ಡಾನೆ, ಮರಿಯಾನೆ, ಸೊಂಡಿಲಲ್ಲಿ ಬೆನ್ನು ಕೆರೆದುಕೊಳ್ಳುವ ಸೋಮಾರಿ ಆನೆ.

“ಇವು ಈರನವು. ಕೋಟೆ ಕಡೆ ಕಾಡಂಚಿನ ಹಾಡಿಯವನು. ಕಾಡನ್ನ ತಿನ್ನೋ ಕಳೆ ತಗೊಂಡು ಕಾಡಿನ ಆನೆ ಮಾಡ್ತಾನೆ. ಕೇರಳದ ರೆಸಾರ್ಟ್‌ನೋರು ಬಿಡೋದೇ ಇಲ್ಲ.”

ಆಚೆ ಮೂಲೆಯಲ್ಲಿ ಒಬ್ಬಳು ಕ್ಯಾನ್ವಾಸಿನ ಮುಂದೆ ಕೂತಿದ್ದಳು. ರಮೇಶನ ಹೆಂಡತಿ ಶ್ಯಾಮಲಾ. ಬೆಳಗಿನಿಂದ ಕೂಲಿಗೆ ಸೊಪ್ಪು ಕಟ್ಟಿ, ಮಧ್ಯಾಹ್ನದ ಮೇಲೆ ಇಲ್ಲಿ ಬಂದು ಅದೇ ಸೊಪ್ಪು ಕಟ್ಟುವ ಹೆಂಗಸರನ್ನು ಬರೆಯುತ್ತಿದ್ದಳು. ಕ್ಯಾನ್ವಾಸಿನಲ್ಲಿ ಹೆಂಗಸರ ಮುಖಕ್ಕಿಂತ ಕೈಗಳು ದೊಡ್ಡವಾಗಿದ್ದವು.

“ನಮ್ಮ ಶ್ಯಾಮಲಾಳ ಹಸಿರು ನೋಡಿ ಮೇಡಂ,” ಮೇಷ್ಟ್ರು ಬೆರಳು ತೋರಿಸಿದರು. “ಜನ ಎಲ್ಲಾನೂ ಹಸಿರು ಅಂದ್ಬಿಡ್ತಾರೆ. ಎಳೆ ಸೊಪ್ಪು ಗಿಳಿಹಸಿರು. ಬಾಡಿದ್ದು ಪಾಚಿಹಸಿರು. ನಾನು ಮಕ್ಕಳಿಗೆ ಹೇಳಿಕೊಡ್ತಿದ್ದೆ, ಬಣ್ಣಕ್ಕೂ ಹೆಸರಿಟ್ಟು ಕರೀಬೇಕು ಅಂತ.”

“ಫೋನ್ ಬಂತೇನವ್ವ?” ಸುನಂದಮ್ಮ ಕೇಳಿದಳು.

“ಬಂತು. ಚೆನ್ನಾಗಿದ್ದಾರಂತೆ.” ಶ್ಯಾಮಲಾ ತಲೆ ಎತ್ತಲಿಲ್ಲ.

ಎದುರು ಗೋಡೆಯ ಮೇಲೆ ‘ನಮ್ಮ ಕಲಾವಿದರು’ ಎಂದು ಬರೆದು, ಕೆಳಗೆ ಸಾಲಾಗಿ ಪಟ ಹಾಕಿದ್ದರು. ಮೇಷ್ಟ್ರು, ಶ್ಯಾಮಲಾ, ಚೌಕಟ್ಟು ಮಾಡುವ ರಮೇಶ, ಪಟಗಳನ್ನೆಲ್ಲ ಬರೆದ ಶಶಿಕುಮಾರ್. ಬಾಗಿಲ ಕಡೆಯ ತುದಿಯಲ್ಲಿ ಒಂದು ಬರಿಯ ಮೊಳೆ. ಅದರ ಕೆಳಗೆ ಚೌಕಟ್ಟಿನಷ್ಟೇ ಅಗಲದ ಸುಣ್ಣ ಮಾಸದೆ ಉಳಿದಿತ್ತು.

“ಇಲ್ಲಿ ಯಾರಿದ್ರು?”

“ಈರ. ಹೋದ ವಾರ ಬಂದಿದ್ದನಲ್ಲ! ನನ್ನ ಪಟ ಹಾಡೀಲಿ ತೋರಿಸ್ಬೇಕು ಮೇಷ್ಟ್ರೆ ಅಂತ ಬಿಚ್ಕೊಂಡು ಹೋದ.”

“ರಮೇಶನ ಸುದ್ದಿ ಏನಂದ?”

“ಶುಂಠಿ ಹೊಲದಲ್ಲಿ ಮೇಸ್ತ್ರಿ ಆಗಿದ್ದಾನಂತೆ. ದೀಪಾವಳಿಗೆ ಬರ್ತಾನಂತೆ.” ಮೇಷ್ಟ್ರು ಮೊಳೆಯ ಮೇಲಿಲ್ಲದ ಧೂಳನ್ನು ಒರೆಸಿದರು. “ಒಂದ್ನಿಮಿಷ ಕೂತಿರಿ. ಟೀ ತಗೊಂಡು ಬರ್ತೀನಿ.”

ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು.

* * *

“ಮೇಷ್ಟ್ರು ಟೀ ತರೋದ್ರೊಳಗೆ ನಮ್ ಕಡೇನೂ ನೋಡಿ ಅಕ್ಕ. ಎಲ್ರೂ ಆನೆ ನೋಡ್ತಾರೆ, ನಮ್ಮನ್ ಯಾರು ಕೇಳ್ತಾರೆ!”

ಶಶಿಕುಮಾರ್ ಇನ್ನೊಂದು ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಪಟಕ್ಕೆ ಕೊನೆಯ ಕೈ ಹಾಕುತ್ತಿದ್ದ. ಪಿರಿಯಾಪಟ್ಟಣದ ಅಂಗಡಿ ಬೋರ್ಡುಗಳನ್ನೆಲ್ಲ ಒಂದು ಕಾಲಕ್ಕೆ ಬರೆದವನು. ಅಂಗಿಯ ಮೇಲೆ ಎಲ್ಲ ಬಣ್ಣದ ಎನಾಮಲ್ ಪೇಂಟೂ ಇತ್ತು.

“ಫ್ಲೆಕ್ಸ್ ಬಂದು ನಮ್ ಹೊಟ್ಟೆ ಮೇಲೆ ಹೊಡೀತು. ಬದುಕಿರೋರೆಲ್ಲ ಫ್ಲೆಕ್ಸಿಗೆ ಹೋದ್ರು. ಸತ್ತೋರು ಮಾತ್ರ ಶಶಿ ಕೈ ಬಿಟ್ಟಿಲ್ಲ. ಪಕ್ಷ ಬಂತು ಅಂದ್ರೆ ಊಟ ಮಾಡಕ್ಕೂ ಪುರುಸೊತ್ತಿಲ್ಲ ನೋಡಿ.”

ಅವನ ಕೈಯಲ್ಲಿದ್ದದ್ದು ಕಟ್ಟೆಮಳಲವಾಡಿಯ ಸಣ್ಣಬೀರಯ್ಯನ ಪಟ. ರುಮಾಲು, ಬಿಳಿ ಮೀಸೆ, ಒಂದು ಬಗೆಯ ಗತ್ತು. ಶಶಿ ಅದನ್ನು ಗೋಡೆಗೆ ನೇತುಹಾಕಿ ಹಿಂದೆ ಸರಿದ.

“ನಿಂತ್ಕೊಂಡು ನೋಡ್ಬಾರ್ದು. ಅಲ್ಲಿ ಕೆಳಗಡೆ ಕೂತ್ಕಳಿ.”

ಸುನಂದಮ್ಮ ಬೆಂಚಿನ ಮೇಲೆ ಕೂತಳು. ನೋಡಿದಳು. ಸೀರೆ ಸರಿಮಾಡಿಕೊಂಡಳು.

“ಲೋ ಶಶಿ, ಈ ಮುದುಕ ನನ್ ಮಂಡಿ ನೋಡ್ತಾವ್ನಲ್ಲೋ!”

ಶಶಿ ತೊಡೆ ತಟ್ಟಿಕೊಂಡು ನಕ್ಕ. “ಮಂಡಿ ಅಲ್ಲ ಅಕ್ಕ, ಎಡೆ! ಪಟ ಇರೋದು ಗೋಡೆ ಮೇಲೆ. ಎಲೆ ಹಾಕೋದು ನೆಲದ ಮೇಲೆ. ನೆಟ್ಟಗೆ ನೋಡೋ ಕಣ್ಣಿಗೆ ನೆಲದ ಮೇಲಿರೋ ಕೋಳಿಸಾರು ಎಂಗ್ ಕಂಡಾತು? ಅದ್ಕೇ ಕರಿಗುಡ್ಡೇನ ಒಂದ್ ಕೂದಲೆಳೆ ಕೆಳಗಿಳಿಸ್ತೀನಿ. ನಮ್ಮಪ್ಪ ಮಾಡ್ತಿದ್ದ, ನಾನೂ ಮಾಡ್ತೀನಿ.”

“ಬದುಕಿರೋರ್ಗೆ?”

“ಬುಡ್ತು ಅನ್ನಿ! ಬದುಕಿರೋನ್ ಕಣ್ಣು ಬಗ್ಗಿಸಿದ್ರೆ ಅವ್ರ ಮನೇರು ನನ್ ಕೈ ಮುರ್ದಾಕ್ತಾರೆ. ಬದುಕಿರೋನು ಎದುರಿಗಿರೋನ ತಲೆ ಮೇಲಿಂದ ನೋಡ್ಬೇಕು. ನಮ್ ಮೇಷ್ಟ್ರ ಪಟ ನೋಡಿ, ಸೀದಾ ಬಾಗ್ಲು ನೋಡ್ತಾವ್ರೆ.”

ಸುನಂದಮ್ಮ ಕೂತಲ್ಲಿಂದಲೇ ಕತ್ತು ತಿರುಗಿಸಿದಳು. ಹೌದು. ಮೇಷ್ಟ್ರು ಅವಳ ತಲೆಯ ಮೇಲಿಂದ ಬಾಗಿಲು ನೋಡುತ್ತಿದ್ದರು. ಶ್ಯಾಮಲಾಳ ಪಟವೂ ಬಾಗಿಲನ್ನೇ ನೋಡುತ್ತಿತ್ತು. ಶಶಿಯದೂ ಅಷ್ಟೆ, ಸ್ವಲ್ಪ ಜಂಭದಿಂದ.

ರಮೇಶ ಅವಳ ಮಂಡಿ ನೋಡುತ್ತಿದ್ದ.

ಅವಳು ಎದ್ದು ನಿಂತಳು. ಮತ್ತೆ ಕೂತಳು. ಬೆಂಚಿನ ಆ ತುದಿಗೆ ಹೋಗಿ ಕೂತು ನೋಡಿದಳು. ಎಲ್ಲಿ ಕೂತರೂ ಅದೇ. ಆ ಹುಡುಗನ ನೋಟ ನೆಲಕ್ಕೆ ಇಳಿದಿತ್ತು, ಬಡಿಸಿದ್ದನ್ನು ನೋಡುವವನ ಹಾಗೆ.

“ಶಶಿ, ಈ ಪಟಗಳನ್ನ ಯಾವಾಗ ಬರೆದೆ?”

“ಯುಗಾದೀಲಿ. ಚಿತ್ರಶಾಲೆ ಸುರು ಮಾಡಿದಾಗ.”

“ಆಗ ಎಲ್ರೂ ಬದುಕಿದ್ರು.”

“ಈಗ್ಲೂ ಬದುಕವ್ರೆ ಬುಡಿ!”

“ಹಂಗಾದ್ರೆ ಇಲ್ಲಿ ಬಂದು ನನ್ ಪಕ್ಕ ಕೂತ್ಕೊ.”

ಶಶಿ ನಗುತ್ತಲೇ ಬಂದು ಕೂತ. ನಗು ಮುಖದ ಮೇಲೆ ಹಾಗೇ ಉಳಿಯಿತು, ತೆಗೆಯುವುದು ಮರೆತಂತೆ.

“ಅಕ್ಕ… ಇದೇನಕ್ಕ ಇದು?”

“ನೀನೇ ಹೇಳು. ನಿನ್ನ ಕಸುಬು.”

“ನಾನಲ್ಲ!”

“ಅವನು ಸತ್ತಿರೋದು ನಿಂಗೆ ಗೊತ್ತು. ಬಾಯಲ್ಲಿ ಹೇಳಕ್ಕೆ ಭಯ. ಅದಕ್ಕೆ ಕುಂಚದಲ್ಲಿ ಹೇಳಿದ್ದೀಯ. ಯಾರು ಹೇಳಿದ್ರು ನಿಂಗೆ? ಎಲ್ಲಿ ಬಿದ್ದವ್ನೆ ಅವನು?”

ಅವಳ ದನಿ ಏರಲಿಲ್ಲ. ಠಾಣೆಯಲ್ಲಿ ಲಾಠಿ ಹಿಡಿದವರಿಗಿಂತ ಈ ಮೆಲುದನಿಗೇ ಹೆಚ್ಚು ಜನ ಬೆವರಿದ್ದರು. ಶಶಿಯೂ ಬೆವರಿದ.

“ಮಾರಮ್ಮನಾಣೆ ನಂಗೊತ್ತಿಲ್ಲ! ಬದುಕಿರೋನ್ ಕಣ್ಣು ಬಗ್ಗಿಸೋ ಅಂಥ ಪಾಪಿ ಅಲ್ಲಕ್ಕ ನಾನು. ರಮೇಶ ನಂಗೆ ತಮ್ಮ ಇದ್ದಂಗೆ. ನನ್ನ ಪಟಕ್ಕೆಲ್ಲ ಚೌಕಟ್ಟು ಹಾಕಿದ್ದು ಯಾರು? ಅವನೇ!”

“ಈ ಕಣ್ಣು ಬಗ್ಗಿಸೋ ವಿದ್ಯೆ ನಿಂಗೆ ಬಿಟ್ಟು ಯಾರಿಗೆ ಗೊತ್ತು?”

“ಇಲ್ಲಿರೋರ್ಗೆಲ್ಲ ಗೊತ್ತು. ನನ್ ಬಾಯಿ ನಿಲ್ಲಲ್ವಲ್ಲ, ಬಂದೋರಿಗೆಲ್ಲ ಹೇಳ್ತೀನಿ.” ಅಷ್ಟರಲ್ಲೇ ಅವನು ಸ್ಟೂಲು ಎಳೆದು ಹತ್ತಿದ್ದ. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಮೆತ್ತಗೆ ಬೆರಳು ತಾಕಿಸಿದ. ಬೆರಳ ತುದಿಗೆ ಕಪ್ಪು ಅಂಟಿತು.

“ಒಣಗಿಲ್ಲ! ನೋಡಿ, ನೋಡಿ ಅಕ್ಕ, ಒಣಗೇ ಇಲ್ಲ! ನಂದು ಎನಾಮಲ್. ಬೆಳಿಗ್ಗೆ ಬಳಿದ್ರೆ ಸಾಯಂಕಾಲಕ್ಕೆ ಕಲ್ಲು. ಇದು ಟ್ಯೂಬಿನ ಬಣ್ಣ, ದಿನಗಟ್ಟಲೆ ಅಂಟ್ತಾ ಇರ್ತದೆ. ಹಳೇ ಕಣ್ಣಿಗೆ ಬಿಳಿ ಬಳಿದು ಮೇಲೆ ಹೊಸ ಗುಡ್ಡೆ ಇಟ್ಟವ್ರೆ. ನಿನ್ನೆಯೋ ಮೊನ್ನೆಯೋ ಆಗಿರೋದು!”

ತಾನು ತಪ್ಪಿಸಿಕೊಂಡ ಖುಷಿ ಅವನಿಗೆ ಹೆಚ್ಚು ಹೊತ್ತು ಉಳಿಯಲಿಲ್ಲ. ತಾನಲ್ಲದಿದ್ದರೆ ಇನ್ಯಾರು ಎಂಬುದು ಹೊಳೆದು, ಸ್ಟೂಲಿನ ಮೇಲೇ ಕುಗ್ಗಿದ.

“ಪಟ ಇಳಿಸಿ ಕೊಡು,” ಎಂದಳು ಸುನಂದಮ್ಮ.

ಅವಳು ಪಟವನ್ನು ತೊಡೆಯ ಮೇಲಿಟ್ಟುಕೊಂಡು ಬಣ್ಣವನ್ನು ನೋಡಲಿಲ್ಲ. ಬಣ್ಣ ಅವಳಿಗೆ ತಿಳಿಯದ ವಿಷಯ. ಚೌಕಟ್ಟನ್ನು ನೋಡಿದಳು. ಕೆಲಸ ಮಾಡುವವರು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮಾಡಬೇಕು. ಹಿಡಿದ ಕಡೆ ಏನಾದರೂ ಬಿಟ್ಟುಹೋಗುತ್ತದೆ.

ಬಿಟ್ಟುಹೋಗಿತ್ತು. ಬಲಗಡೆ ಕೆಳಮೂಲೆಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ಕಂದೂ ಅಲ್ಲದ ಕಪ್ಪೂ ಅಲ್ಲದ ಜಿಗಟು. ಅವಳು ಮೂಸಿ ನೋಡಿದಳು. ಗಂಟಲಿನ ಹಿಂದುಗಡೆ ಕಹಿಯಾಯಿತು.

ಅದು ಬಣ್ಣವಲ್ಲ. ಹಸಿ ಹೊಗೆಸೊಪ್ಪಿನ ಅಂಟು. ದಿನವಿಡೀ ಎಲೆ ಜೋಡಿಸಿ ಕಡ್ಡಿಗೆ ಕಟ್ಟುವವರ ಬೆರಳಿಗೆ ಹತ್ತಿ, ಸೀಗೆಪುಡಿ ಹಾಕಿ ಉಜ್ಜಿದರೂ ಬಿಡದ ಅಂಟು. ಬೆಟ್ಟದಪುರದ ತನ್ನ ತವರಿನಲ್ಲಿ ಸುನಂದಮ್ಮ ಆ ವಾಸನೆಯ ಕೈತುತ್ತು ತಿಂದೇ ಬೆಳೆದಿದ್ದಳು.

ಶಶಿಯ ಕೈ ನೋಡಿದಳು. ಕೆಂಪು, ಹಳದಿ, ನೀಲಿ. ಮೇಷ್ಟ್ರ ಕೈ ನೆನಪು ಮಾಡಿಕೊಂಡಳು. ತೊಳೆದ ತಟ್ಟೆಯಂಥ ಕೈ.

ಮೂಲೆಯಲ್ಲಿ ಕುಂಚದ ಸದ್ದು ಆಗಲೇ ನಿಂತಿತ್ತು.

“ಶಶಿ, ಮೇಷ್ಟ್ರು ಟೀ ತರ್ತೀನಿ ಅಂತ ಹೋದೋರು ಗಿಡ ನೆಟ್ಟು ಎಲೆ ಕೀಳ್ತಾವ್ರೇನೋ. ಹೋಗಿ ನೋಡ್ಕೊಂಡು ಬಾ.”

ಶಶಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

* * *

“ಕೈ ತೋರ್ಸು ಮಗ.”

ಶ್ಯಾಮಲಾ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿದಳು. “ತೊಳ್ಕೊಂಡಿದ್ದೀನಿ ಅಮ್ಮ.”

“ತೊಳೆದ್ರೆ ಹೋಗೋದಲ್ಲ ಅದು. ನಮ್ಮವ್ವಂಗೆ ಸಾಯೋಗಂಟ ಹೋಗಿರಲಿಲ್ಲ.” ಸುನಂದಮ್ಮ ಅವಳ ಪಕ್ಕ ನೆಲದ ಮೇಲೇ ಕೂತಳು. “ಅತ್ತೆ ಮುಂದೆ ಚೆನ್ನಾಗವ್ರೆ ಅಂತೀಯ. ಇಲ್ಲಿ ಬಂದು ಗಂಡನ ಕಣ್ಣು ಬಗ್ಗಿಸ್ತೀಯ. ಇವೆರಡರಲ್ಲಿ ಯಾವುದು ನಿಜ ಅಂತ ನಾನು ಹೊರಗೆ ಕೂತಿರೋ ಆ ಮುದುಕಿಗೆ ಹೇಳ್ಲಿ?”

ಶ್ಯಾಮಲಾಳ ತುಟಿ ಏನನ್ನೋ ಹಿಡಿದುಕೊಂಡಿತ್ತು. ಹೊರಗೆ ಎಲ್ಲೋ ಟ್ರಾಕ್ಟರು ಸೌದೆ ಸುರಿದ ಸದ್ದಿಗೆ ಬೆಚ್ಚಿದಳು.

“ಫೋನ್ ಬರೋದು ನಿಜ ಅಮ್ಮ,” ಎಂದಳು ಕೊನೆಗೆ. “ನಂಬರೂ ಅವರದೇ. ಮಾತಾಡೋರು ಅವರಲ್ಲ.”

ಸುನಂದಮ್ಮನ ಬೆನ್ನು ನೆಟ್ಟಗಾಯಿತು. “ಮತ್ಯಾರು?”

“ಗೊತ್ತಿಲ್ಲ. ಯಾರೋ ಗಂಡಸು. ಬಾಯಿಗೆ ಬಟ್ಟೆ ಅಡ್ಡ ಹಿಡ್ಕೊಂಡು ಮಾತಾಡ್ತಾನೆ. ಮೊದಲ ಸಲ ಮಾಡ್ದಾಗ, ‘ಅವನು ಇನ್ನು ಬರಲ್ಲ. ಬರ್ತಾನೆ ಅಂತ ನೀನು ಹೇಳ್ತಾ ಇರೋವರೆಗೂ ನಿನ್ನ ಮಗಳು ದಿನಾ ಮನೆಗೆ ಬರ್ತಾಳೆ’ ಅಂದ.”

“ಪುಟ್ಟಿ ವಿಚಾರನಾ?”

“ಊಂ. ಪ್ರತಿಸಲನೂ ಅವಳ ಜಡೆ ರಿಬ್ಬನ್ ಬಣ್ಣ ಹೇಳ್ತಾನೆ. ಇವತ್ತು ಬೆಳಿಗ್ಗೆನೂ ಮಾಡಿದ್ದ. ‘ಗಿಳಿಹಸಿರು ಚೆನ್ನಾಗಿ ಒಪ್ಪುತ್ತೆ ನಿನ್ನ ಮಗಳಿಗೆ’ ಅಂದ.” ಆ ಮಾತು ಹೇಳುವಾಗ ಅವಳ ಕಣ್ಣು ಬಾಗಿಲಿಗೆ ಹೋಗಿ ಬಂತು. “ನಂಗೆ ಭಯ ಆಯ್ತದೆ ಅಮ್ಮ. ಯಾರು ಅಂತ ಯೋಚನೆ ಮಾಡಕ್ಕೂ ಭಯ ಆಯ್ತದೆ.”

ಗಿಳಿಹಸಿರು. ಆ ಮಾತನ್ನು ಸುನಂದಮ್ಮ ಈಗತಾನೇ ಎಲ್ಲಿಯೋ ಕೇಳಿದ್ದಳು.

“ಇಷ್ಟು ಭಯ ಇಟ್ಕೊಂಡು ಕಣ್ಣು ಯಾಕೆ ಬಗ್ಗಿಸೋಕೆ ಹೋದೆ ತಾಯಿ?”

“ಇನ್ನೇನು ಮಾಡ್ಲಿ? ಬಾಯಲ್ಲಿ ಹೇಳಂಗಿಲ್ಲ. ಮನೇಲಿ ಎಲೆ ಹಾಕಂಗಿಲ್ಲ. ಹಬ್ಬದ ದಿನ ಇಲ್ಲಿ ಬಂದು, ಅವರ ಪಟದ ಮುಂದೆ ನನ್ ಬುತ್ತಿ ಬಿಚ್ಚಿ ಇಟ್ಕೊಂಡು ಕೂರಾನ ಅನ್ಕೊಂಡೆ. ಯಾರಾದ್ರೂ ನೋಡಿದ್ರೂ ಅವಳ ಪಾಡಿಗೆ ಉಣ್ತಾವ್ಳೆ ಅನ್ಕತಾರೆ.” ಅವಳು ಸೆರಗಿನೊಳಗೆ ಮುದುರಿದ ಕೈಗಳ ಕಡೆ ನೋಡಿಕೊಂಡಳು. “ನೆಟ್ಟಗೆ ನೋಡೋ ಕಣ್ಣಿಗೆ ಬುತ್ತಿ ಕಾಣಲ್ವಲ್ಲ ಅಮ್ಮ.”

ಸುನಂದಮ್ಮ ಎಷ್ಟೋ ಹೆಂಗಸರ ಅಳು ನೋಡಿದ್ದಳು. ಇವಳು ಅಳಲೂ ಇಲ್ಲ. ಆ ಅಂಟು ಕೈಯನ್ನು ಸೆರಗಿನಿಂದ ಹೊರಗೆಳೆದು ತನ್ನ ಕೈಯಲ್ಲಿ ಹಿಡಿದುಕೊಂಡಳು.

“ಹಂಗಾದ್ರೆ ನಿಮ್ಮತ್ತೆಗೆ ಎಲೆ ಹಾಕು ಅಂತ ಹೇಳ್ತೀನಿ. ಗುಟ್ಟಾಗಿ, ಬಾಗಿಲು ಹಾಕ್ಕೊಂಡು. ಪುಟ್ಟಿನ ನಾನು ನೋಡ್ಕೊತೀನಿ.”

“ಹೇಳಿ.” ಶ್ಯಾಮಲಾ ತಲೆಯಾಡಿಸಿದಳು. ಆಮೇಲೆ ಅವಳ ಕೈ ಸುನಂದಮ್ಮನ ಕೈಯೊಳಗೆ ಬಿಗಿಯಾಯಿತು. “ಆದ್ರೆ ಒಂದಲ್ಲ. ಎರಡು ಎಲೆ ಹಾಕಕ್ಕೆ ಹೇಳಿ.”

“ಎರಡಾ?”

“ಈರಣ್ಣನೂ ಇಲ್ಲ. ಇಬ್ರನ್ನೂ ಒಂದೇ ಗುಂಡೀಲಿ ಮಲಗಿಸಿದ್ದೀನಿ ಅಂದ ಫೋನಿನೋನು. ಹಾಡೀಲಿ ಅವರವ್ವ ಇನ್ನೂ ದಾರಿ ನೋಡ್ತಾ ಅವ್ಳೆ. ನಮ್ಮನೇಲಿ ಉಂಡ ಮಗ ಅದು. ಅದಕ್ಕೇ ಮೊದಲು ಈರಣ್ಣನ ಪಟಕ್ಕೇ ಕಣ್ಣು ಬಗ್ಗಿಸ್ದೆ. ಹೋದ ವಾರ. ಮಾರನೇ ದಿನ ಬಂದು ನೋಡ್ತೀನಿ, ಬರೀ ಮೊಳೆ. ಯಾರು ತೆಗೆದ್ರು ಅಂತ ಕೇಳಕ್ಕೂ ಧೈರ್ಯ ಬರಲಿಲ್ಲ.”

ಸುನಂದಮ್ಮ ಮೊಳೆಯ ಕಡೆ ತಿರುಗಿದಳು.

ಸತ್ತವನು ಹೋದ ವಾರ ಬಂದಿದ್ದ. ತನ್ನ ಪಟ ಬಿಚ್ಚಿಕೊಂಡು ಹೋಗಿದ್ದ. ಹಾಗೆಂದು ಅವಳಿಗೆ ಹೇಳಿದ್ದು ಒಬ್ಬರೇ. ಬಣ್ಣಕ್ಕೂ ಹೆಸರಿಟ್ಟು ಕರೆಯುವವರು.

ಅವಳು ಏಳಲು ಪಕ್ಕದ ತಗಡಿನ ಪೈಪಿಗೆ ಕೈ ಊರಿದಳು. ಫಕ್ಕನೆ ಕೈ ತೆಗೆದಳು.

ಪೈಪು ಬಿಸಿಯಾಗಿತ್ತು.

ತುಕ್ಕು ತಿಂದ ಒಂದು ತೂತಿನಿಂದ ದಾರದಂಥ ಹೊಗೆ ಎದ್ದು ಬರುತ್ತಿತ್ತು. ಸೌದೆಯ ಹೊಗೆಯಲ್ಲ. ಮೂಗು ಉರಿಸುವ ಎನಾಮಲ್ ಪೇಂಟಿನ ಹೊಗೆ.

“ಸುನಂದವ್ವಾ!” ಬಾಗಿಲಲ್ಲಿ ಮಹದೇವಮ್ಮ ನಿಂತಿದ್ದಳು. ಒಂದು ಕಾಲು ಹೊಸಿಲ ಮೇಲೆ, ಒಂದು ಆಚೆ. “ಇದು ನಿಂತೋದ ಬ್ಯಾರನ್ ಅಲ್ವಾ? ಚಿಮಣೀಲಿ ಹೊಗೆ ಬತ್ತಾ ಅದಲ್ಲ! ಮೇಷ್ಟ್ರು ಒಲೆ ಹಚ್ಚವ್ರೆ. ಪುಟ್ಟಿ ಇಸ್ಕೂಲಿಂದ ಬಂದ್ಲು, ಬಿಸ್ಕತ್ ಕೊಡಿಸ್ತೀನಿ ಬಾ ಮಗ ಅಂತ ಹಿಂದ್ಗಡೆ ಕರ್ಕೊಂಡೋದ್ರು. ಒಳ್ಳೇ ಮನ್ಸ…”



ಸುನಂದಮ್ಮ ಮಂಡಿನೋವು ಮರೆತು ಓಡಿದಳು. ಚಪ್ಪಲಿ ಮೆಟ್ಟಲಿಲ್ಲ. ಬ್ಯಾರನ್ನಿನ ಮೂಲೆ ತಿರುಗುವಷ್ಟರಲ್ಲಿ ಶಶಿ ಎದುರಿನಿಂದ ಏದುಸಿರು ಬಿಡುತ್ತ ಬಂದ. “ಅಕ್ಕ, ಮೇಷ್ಟ್ರು ಟೀ ಅಂಗ್ಡಿ ಕಡೆಗೇ ಬಂದಿಲ್ವಂತೆ!”

ಹಿತ್ತಲಲ್ಲಿ ಯಾರೂ ಇರಲಿಲ್ಲ.

ಒಲೆಬಾಯಿ ಧಗಧಗ ಉರಿಯುತ್ತಿತ್ತು. ಒಳಗೆ ಒಂದು ಚೌಕಟ್ಟು. ಈರನ ಮುಖದ ಕೆಳಗಿನ ಅರ್ಧ ಆಗಲೇ ಬೂದಿಯಾಗಿತ್ತು. ಮೇಲಿನ ಅರ್ಧದಲ್ಲಿ ಎರಡು ಕಣ್ಣು ಉಳಿದಿದ್ದವು, ತನಗೆ ಬಡಿಸಿದ ಎಲೆ ಎಲ್ಲಿ ಎಂದು ಕೆಳಗೆ ಹುಡುಕುತ್ತ. ಒಲೆಯ ಪಕ್ಕದಲ್ಲಿ ಒಡೆದ ಬಿಸ್ಕತ್ ಪೊಟ್ಟಣ. ಮೇಷ್ಟ್ರ ಸ್ಕೂಟರ್ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕಿದ ಕಲೆ ಮಾತ್ರ ಇತ್ತು.

“ಎರಡೇ ಎಲೆ,” ಎಂದು ಸುನಂದಮ್ಮ ಹಲ್ಲು ಕಚ್ಚಿ ತನಗೆ ತಾನೇ ಹೇಳಿಕೊಂಡಳು. “ಮೂರು ಆಗಕ್ಕೆ ನಾನು ಬಿಡಲ್ಲ.”

ಆಗ ಚಿತ್ರಶಾಲೆಯ ಒಳಗೆ ಶ್ಯಾಮಲಾಳ ಫೋನು ಹೊಡೆದುಕೊಳ್ಳತೊಡಗಿತು.

ಸುನಂದಮ್ಮ ತಿರುಗಿ ಓಡಿ ಬಂದಳು. ಶ್ಯಾಮಲಾ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಕಲ್ಲಾಗಿ ನಿಂತಿದ್ದಳು. ಪರದೆಯ ಮೇಲೆ ರಮೇಶನ ಫೋಟೋ ಬೆಳಗಿ ಬೆಳಗಿ ಆರುತ್ತಿತ್ತು. ಅದರಲ್ಲಿ ಅವನು ನೆಟ್ಟಗೆ ನೋಡುತ್ತ ನಗುತ್ತಿದ್ದ.

ಇಷ್ಟು ಹೊತ್ತೂ ಹೊಸಿಲು ದಾಟದಿದ್ದ ಮಹದೇವಮ್ಮ ಈಗ ಎರಡೂ ಕಾಲು ಒಳಗಿಟ್ಟು, ಎರಡೂ ಕೈ ಚಾಚಿಕೊಂಡು ಸೊಸೆಯ ಕಡೆಗೆ ಬರುತ್ತಿದ್ದಳು.

“ನನ್ ಮಗ! ಕೊಡವ್ವ ನನ್ ಕೈಗೆ, ಒಂದ್ಸಲ ಕೊಡು… ಎಮ್ಮೆ ಈದದೆ ಅಂತ ನಾನೇ ಹೇಳ್ಬೇಕು!”